ಉಳಿಸದ ಅಂಚು

ನಮ್ಮ ಮನೆಯ ಚಿಕ್ಕ ಲ್ಯಾಪ್‌ಟಾಪ್ ಯಾವಾಗ ಹಾಕಿದರೂ ಅದೇ ದಿನಕ್ಕೆ ಎದ್ದುಕೊಳ್ಳುತ್ತದೆ. ಪರದೆಯ ತುಂಬ ನೀಲಿ ಬಣ್ಣ, ಎಡಗಡೆ ನಾಲ್ಕೈದು ಗುರುತುಗಳು, ಅವುಗಳ ಕೆಳಗೆ ನನ್ನ ಯಜಮಾನರು ಬರೆದು ಮುಗಿಸಿದ ರುದ್ರಾಕ್ಷಿ ಅಂಚಿನ ನಕ್ಷೆ. ಅದು ಶಿವರಾತ್ರಿಗೆ ಮುಂಚಿನ ಕೆಲಸ. ಅದಾದ ಮೇಲೆ ಯುಗಾದಿ ದಾಟುವವರೆಗೆ ಅವರು ಇನ್ನೊಂದು ಅಂಚು ಬರೆದರು. ಆ ಅಂಚು ಅದರೊಳಗೆ ಇಲ್ಲ. ಯಂತ್ರದ ಪಾಲಿಗೆ ಶಿವರಾತ್ರಿ ಇನ್ನೂ ಬಂದಿಲ್ಲ, ಅವರು ಒಳಗೆ ಕೈತೊಳೆದುಕೊಳ್ಳುತ್ತಿದ್ದಾರೆ, ಈಗ ಬಂದು ಕೂರುತ್ತಾರೆ.

ನಾವು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು. ಮಗ್ಗದಲ್ಲಿ ಕೂರುವವಳು ನಾನು. ಅವರದು ಅಂಚು ಮತ್ತು ಸೆರಗಿನ ನಕ್ಷೆ ಬರೆಯುವ ಕೆಲಸ. ಚೌಕ ಹಾಳೆಯ ಮೇಲೆ ಒಂದು ಚೌಕ ಎಂದರೆ ಒಂದು ಎಳೆ. ಯಾವ ಚೌಕಕ್ಕೆ ಬಣ್ಣ ತುಂಬಿದೆಯೋ ಅದನ್ನು ನೋಡಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ಕಾರ್ಡುಗಳನ್ನು ಸರವಾಗಿ ಹೊಲಿದು ಮಗ್ಗದ ಮೇಲಿನ ಜಕಾರ್ಡ್ ಯಂತ್ರಕ್ಕೆ ಏರಿಸುತ್ತಾರೆ. ನಾನು ಕಾಲಿನಲ್ಲಿ ಮೆಟ್ಟಿದ ಹಾಗೆ ಒಂದೊಂದೇ ಕಾರ್ಡು ಸರಿದು ಬರುತ್ತದೆ, ತೂತು ಇದ್ದ ಕಡೆ ಎಳೆ ಮೇಲೇಳುತ್ತದೆ. ಕೊನೆಯ ಕಾರ್ಡು ಆದ ಮೇಲೆ ತಿರುಗಿ ಮೊದಲನೆಯದು. ಹೀಗೆ ಸೀರೆಯ ಉದ್ದಕ್ಕೂ ಒಂದೇ ನಕ್ಷೆ ಮತ್ತೆ ಮತ್ತೆ ಬರುತ್ತದೆ. ಬರೆಯುವವರ ಕೈ ಚಳಕ ತಿಳಿಯುವುದು ಅಲ್ಲಿಯೇ, ಕೊನೆಯ ಸಾಲು ಹೋಗಿ ಮೊದಲ ಸಾಲನ್ನು ಸೇರುವ ಜಾಗದಲ್ಲಿ. ಅವರ ಅಂಚಿನಲ್ಲಿ ಆ ಜಾಗವನ್ನು ಯಾರಿಗೂ ತೋರಿಸಲು ಆಗುತ್ತಿರಲಿಲ್ಲ.

ವಯಸ್ಸಾಗುತ್ತಾ ಅವರ ಕಣ್ಣು ಮಂಜಾಯಿತು. ಕನ್ನಡಕ ಬದಲಾಯಿಸಿದರು, ಬಾಗಿಲ ಬೆಳಕಿಗೆ ಹಾಳೆ ಹಿಡಿದು ಕೂತರು, ಕೊನೆಗೆ ಒಂದು ನವಿಲಿನ ಕೊಕ್ಕಿನಲ್ಲಿ ಒಂದು ಚೌಕ ತಪ್ಪಿತು. ಆ ತಪ್ಪು ಸೀರೆಯ ಉದ್ದಕ್ಕೂ ನೇಯ್ದು ಬಂತು. ಸೀರೆ ಮಾಡಿಸುವ ಸಾಹುಕಾರರು ಏನೂ ಅನ್ನಲಿಲ್ಲ. ಅವರು ಏನೂ ಅನ್ನದೆ ಇದ್ದದ್ದೇ ಇವರಿಗೆ ಹೆಚ್ಚು ನೋವು ಕೊಟ್ಟಿತು. ಆಮೇಲೆ ಯಾರೋ ಹೇಳಿದರು, ಕಂಪ್ಯೂಟರಿನಲ್ಲಿ ಬರೆದರೆ ಚೌಕವನ್ನು ಹೆಬ್ಬೆಟ್ಟಿನಷ್ಟು ದೊಡ್ಡದು ಮಾಡಿಕೊಳ್ಳಬಹುದು ಎಂದು.

ಹಾಗೆ ಚಳ್ಳಕೆರೆಯಿಂದ ಈ ಲ್ಯಾಪ್‌ಟಾಪ್ ಬಂತು. ಎಣ್ಣೆ ಗಿರಣಿಗಳ ಕಡೆಗೆ ಹೋಗುವ ರಸ್ತೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಸರಿಮಾಡಿ ಮಾರುವವನೊಬ್ಬನಿದ್ದಾನೆ. ಅವನ ಅಂಗಡಿಯಲ್ಲೂ ಶೇಂಗಾ ಹಿಂಡಿಯ ವಾಸನೆ. ಅಲ್ಲಿದ್ದುದರಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು, ಅಗ್ಗದ್ದನ್ನು ಇವರು ಆರಿಸಿದರು. ಊಟದ ತಟ್ಟೆಯಷ್ಟೂ ಅಗಲವಿಲ್ಲ. ಮನೆಗೆ ತಂದು ಹಾಕಿದರೆ ಅದು ಏಳುವುದರೊಳಗೆ ನಾನು ಅನ್ನಕ್ಕಿಟ್ಟು ಬರುತ್ತಿದ್ದೆ. ಒಳಗೆ ಜಾಗ ತುಂಬಿಹೋಗಿದೆ ಎಂದು ದಿನವೂ ಹೇಳುತ್ತಿತ್ತು. ನಾವು ಅದರೊಳಗೆ ಏನೂ ಇಟ್ಟೇ ಇರಲಿಲ್ಲ. ಒಂದು ಚೌಕಕ್ಕೆ ಬಣ್ಣ ಹಾಕಿದರೆ, ಅದು ಯೋಚನೆ ಮಾಡಿ ಹಾಕುತ್ತಿತ್ತು.

ಇವರು ಅದನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ವಾಪಸ್ಸು ಹೋದರು. ಅಂಗಡಿಯವನು ಯಂತ್ರ ನಡೆಸಲು ಮೊದಲಿದ್ದ ತಂತ್ರಾಂಶವನ್ನು ಬಿಟ್ಟು ಹಗುರವಾದ ಒಂದು ಲಿನಕ್ಸ್ ಹಾಕಿಕೊಟ್ಟ. ಅದು ಲ್ಯಾಪ್‌ಟಾಪಿನ ಒಳಗೂ ಇರಲಿಲ್ಲ. ಉಗುರಿನಷ್ಟಗಲದ ಒಂದು ಪೆನ್‌ಡ್ರೈವಿನಲ್ಲಿತ್ತು. ಗುಂಡಿ ಒತ್ತಿದರೆ ಪೆನ್‌ಡ್ರೈವಿನಿಂದ ಎದ್ದು ಪೂರ್ತಿಯಾಗಿ ಮೆಮೊರಿಗೆ ಹೋಗಿ ಕೂರುತ್ತಿತ್ತು. ಅಲ್ಲಿ ಕೂತ ಮೇಲೆ ಅದರ ಓಟವೇ ಬೇರೆ. ಬಣ್ಣ ತುಂಬುವ ಒಂದು ಸಣ್ಣ ತಂತ್ರಾಂಶವೂ ಅದರಲ್ಲೇ ಇತ್ತು, ಅವರಿಗೆ ಅಷ್ಟೇ ಸಾಕಾಗಿತ್ತು. ಸಿನಿಮಾ ಹಾಕಿದರೆ ಮಾತ್ರ ನಿಂತು ನಿಂತು ಬರುತ್ತಿತ್ತು. ಅಳಿಯ ಬಂದಾಗ ಒಮ್ಮೆ ನೋಡಿ, ಮಾವ ಎತ್ತಿನಗಾಡಿಗೆ ಬೈಕಿನ ಇಂಜಿನ್ ಕೂರಿಸಿದ್ದಾರೆ ಎಂದು ನಕ್ಕ. ಇವರೂ ನಕ್ಕರು. ಗಾಡಿ ಓಡುತ್ತಿದೆಯಲ್ಲ ಎಂದರು.

ಒಂದು ಮಾತನ್ನು ಅಂಗಡಿಯವನು ತಿಳಿಸಿ ಹೇಳಿದ್ದ. ನೀವು ಏನು ಬರೆದರೂ ಅದು ಮೆಮೊರಿಯಲ್ಲಿರುತ್ತದೆ, ಯಂತ್ರ ನಿಂತರೆ ಹೋಗುತ್ತದೆ. ಆರಿಸುವಾಗ ಉಳಿಸಲೇ, ಬೇಡವೇ ಎಂದು ಅದು ಕೇಳುತ್ತದೆ. ಉಳಿಸು ಎಂದರೆ ಮಾತ್ರ ಪೆನ್‌ಡ್ರೈವಿಗೆ ಬರೆದುಕೊಳ್ಳುತ್ತದೆ. ಪದೇ ಪದೇ ಬರೆದರೆ ಪೆನ್‌ಡ್ರೈವ್ ಬೇಗ ಸವೆಯುತ್ತದೆಂದು ಹಾಗೆ ಮಾಡಿದ್ದೇನೆ, ದಿನಕ್ಕೊಮ್ಮೆ ಆರಿಸಿ ಉಳಿಸಿದರೆ ಸಾಕು. ಇವರು ತಲೆಯಾಡಿಸಿ ಬಂದರು. ಪೆನ್‌ಡ್ರೈವ್ ಕಳೆಯಬಾರದೆಂದು ಅದರ ಕಿವಿಗೆ ಒಂದು ಕೆಂಪು ರೇಷ್ಮೆ ಎಳೆ ಪೋಣಿಸಿ ಲ್ಯಾಪ್‌ಟಾಪಿನ ಮುಚ್ಚಳದ ಕೀಲಿಗೆ ಕಟ್ಟಿದರು.

ಆದರೆ ದಿನಕ್ಕೊಮ್ಮೆ ಆರಿಸಲಿಲ್ಲ.

ನೇಕಾರರ ಮನೆಯಲ್ಲಿ ಅರ್ಧ ನೇಯ್ದ ಸೀರೆಯನ್ನು ಮಗ್ಗದಿಂದ ಕತ್ತರಿಸುವುದಿಲ್ಲ. ಮದುವೆ ಬರಲಿ, ಸಾವು ಬರಲಿ, ಅದು ಮಗ್ಗದ ಮೇಲೆಯೇ ಇರುತ್ತದೆ. ಮೇಲೊಂದು ಬಟ್ಟೆ ಹೊದಿಸಿ ಬಿಡುತ್ತೇವೆ. ಮುಗಿದ ದಿನ ಪೂಜೆ ಮಾಡಿ ಕೊಯ್ದು ಮಡಚುತ್ತೇವೆ. ನಮ್ಮ ಅತ್ತೆ ಇದ್ದಾಗ ಅರ್ಧ ಸೀರೆಯನ್ನು ನೋಡಬೇಕೆಂದು ಬಂದವರಿಗೂ ತೋರಿಸುತ್ತಿರಲಿಲ್ಲ. ಇವರು ಆ ರೀತಿಯನ್ನು ಹಾಗೆಯೇ ಲ್ಯಾಪ್‌ಟಾಪಿಗೆ ತಂದರು. ಉಳಿಸುವುದೆಂದರೆ ಅವರಿಗೆ ಸೀರೆ ಕೊಯ್ದು ಮಡಚಿದಂತೆ. ಒಂದು ಅಂಚು ಶುರುಮಾಡಿದರೆ ಮುಗಿಯುವವರೆಗೂ ಯಂತ್ರ ಆರಿಸುತ್ತಿರಲಿಲ್ಲ. ಎದ್ದು ಹೋಗುವಾಗ ಮೇಲೊಂದು ಟವೆಲ್ ಹೊದಿಸುತ್ತಿದ್ದರು. ಇದನ್ನು ಕೇಳಿ ಅಂಗಡಿಯವನು ಒಮ್ಮೆ ಫೋನಿನಲ್ಲಿ ತಲೆ ಚಚ್ಚಿಕೊಂಡನಂತೆ. ಹೀಗೆ ಮಾಡಿಯೇ ಅಷ್ಟೊಂದು ಅಂಚು ಮುಗಿಸಿದ್ದೇನಲ್ಲ ಎಂದು ಇವರು ಹೇಳಿದರಂತೆ. ಮುಗಿಸಿದ್ದರು ಕೂಡ.

ತೊಂದರೆ ಕರೆಂಟಿನದು. ಹಳೆಯ ಬ್ಯಾಟರಿ, ಸ್ವಲ್ಪ ಹೊತ್ತು ಮಾತ್ರ ನಿಲ್ಲುತ್ತಿತ್ತು. ಕರೆಂಟು ಹೋದರೆ ಇವರು ಪರದೆಯ ಬೆಳಕು ತಗ್ಗಿಸಿ ಕಾಯುತ್ತಿದ್ದರು. ಬರುವುದು ತಡವಾದರೆ ಲ್ಯಾಪ್‌ಟಾಪನ್ನು ತೆರೆದ ಹಾಗೆಯೇ ಎರಡೂ ಕೈಯಲ್ಲಿ ಹಿಡಿದು, ಚಾರ್ಜರ್ ಹೆಗಲ ಮೇಲೆ ಹಾಕಿಕೊಂಡು ಬೀದಿ ದಾಟಿ ಎದುರು ಮನೆಗೆ ಹೋಗುತ್ತಿದ್ದರು. ಎದುರು ಮನೆಯವನೂ ನೇಕಾರ, ಇವರ ಗೆಳೆಯ, ನನ್ನನ್ನು ಅಕ್ಕ ಎಂದು ಕರೆಯುತ್ತಾ ಇವರನ್ನು ಮಾವ ಮಾಡಿಕೊಂಡಿದ್ದವನು. ಅವನ ಮನೆಯಲ್ಲಿ ಇನ್ವರ್ಟರ್ ಇತ್ತು. ಇವರು ಹೀಗೆ ಹೊರಟರೆ ಅವನು ಕಟ್ಟೆಯ ಮೇಲಿಂದಲೇ ಕೂಗುತ್ತಿದ್ದ.

"ಏನ್ ಮಾವ, ಕೂಸಿಗೆ ಹಸಿವಾಯ್ತಾ?"

"ಹೂಂ ಕಣಲೇ ಬಾಮೈದ, ನಿಮ್ಮನೆ ಹಾಲೇ ಬೇಕಂತೆ."

ಬೀದಿಯ ಹೆಂಗಸರು ಕಂಡಿಕೆಗೆ ನೂಲು ಸುತ್ತುವುದು ಬಿಟ್ಟು ನಗುತ್ತಿದ್ದರು. ನಾನು ಒಳಗಿನಿಂದಲೇ ಕೇಳಿಸಿಕೊಳ್ಳುತ್ತಿದ್ದೆ. ಈಗಲೂ ಕರೆಂಟು ಹೋದ ಕೂಡಲೇ ನನ್ನ ಕಿವಿ ಬಾಗಿಲ ಕಡೆಗೆ ಹೋಗುತ್ತದೆ.

ರುದ್ರಾಕ್ಷಿ ಅಂಚು ಮುಗಿದ ಮೇಲೆ ಸಾಹುಕಾರರಿಗೆ ಹೊಸ ನಕ್ಷೆ ಬೇಕಿರಲಿಲ್ಲ. ಲಗ್ನದ ಕಾಲ, ಹಳೆಯ ಅಂಚುಗಳೇ ಓಡುತ್ತಿದ್ದವು. ಇವರು ಸುಮ್ಮನೆ ಕೂರುತ್ತಾರೆಂದುಕೊಂಡೆ. ಕೂರಲಿಲ್ಲ. ಬೆಳಿಗ್ಗೆ ಕಾಫಿ ಕುಡಿದವರೇ ಲ್ಯಾಪ್‌ಟಾಪಿನ ಮುಂದೆ. ಯಾರಿಗೆ ಬರೆಯುತ್ತಿದ್ದೀರಿ ಎಂದು ಕೇಳಿದೆ. ಮೊದಲು ಹೇಳಲಿಲ್ಲ. ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯಿಂದ ನಾನು ಎದ್ದು ಬರುವಾಗ ಟವೆಲ್ ಎಳೆದುಕೊಂಡರು. ಇನ್ನೊಂದು ದಿನ ಕೇಳಿದಾಗ ಹೇಳಿದರು.

"ಇದು ಮಾರಾಕಲ್ಲ. ನೀನೇ ನೇಯ್ಬೇಕು, ನೀನೇ ಉಡ್ಬೇಕು."

ನಾನು ಮದುವೆಯಾಗಿ ಬಂದಾಗಿನಿಂದ ರೇಷ್ಮೆ ನೇಯುತ್ತಿದ್ದೇನೆ. ಮೈಮೇಲೆ ಹಾಕಿಕೊಂಡದ್ದು ಮಗಳ ಮದುವೆಯಲ್ಲಿ ಮಾತ್ರ, ಅದೂ ಬೇರೆಯವರ ಮಗ್ಗದ್ದು. ನಮಗೆ ಯಾಕ್ರೀ ಅದೆಲ್ಲ ಎಂದೆ. ಅಂದೆನೇ ಹೊರತು ಅವತ್ತೆಲ್ಲ ನನ್ನ ಕಾಲು ಮಗ್ಗದ ಮೆಟ್ಟುಗೋಲಿನ ಮೇಲೆ ಹಗುರವಾಗಿತ್ತು.

ಅಂಚನ್ನು ನಾನು ನೋಡಿದ್ದು ಒಂದೇ ಒಂದು ಸಲ, ಅದೂ ಪೂರ್ತಿಯಲ್ಲ. ನೀರಿನ ಲೋಟ ಇಡಲು ಹೋಗಿದ್ದೆ. ಅವರು ಒಂದು ಮೂಲೆಯನ್ನು ದೊಡ್ಡದು ಮಾಡಿಕೊಂಡಿದ್ದರು. ಪರದೆಯ ತುಂಬ ನಾಲ್ಕು ಎಲೆ, ಎರಡು ಮೇಲೆ, ಎರಡು ಕೆಳಗೆ, ನಡುವೆ ತೆಳ್ಳಗಿನ ಒಂದು ದಂಟು. ಶೇಂಗಾ ಗಿಡದ ಎಲೆ. ನನ್ನ ತವರು ಪರಶುರಾಂಪುರದ ಕಡೆ, ಶೇಂಗಾ ಹೊಲದಲ್ಲಿ ಕಳೆ ಕೀಳುತ್ತಲೇ ಬೆಳೆದವಳು, ನನಗೆ ಆ ಎಲೆಯ ಗುರುತು ಯಾರೂ ಹೇಳಬೇಕಾಗಿಲ್ಲ. ನಮ್ಮ ಸೀರೆಗಳಲ್ಲಿ ನವಿಲು, ಮಾವು, ಗೋಪುರ, ರುದ್ರಾಕ್ಷಿ ಇರುತ್ತವೆ. ಶೇಂಗಾ ಎಲೆಯನ್ನು ಅಂಚಿಗೆ ತಂದವರನ್ನು ನಾನು ಕಂಡಿಲ್ಲ. ನಾನು ನೋಡಿದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ. ಲೋಟ ಇಟ್ಟು ಬಂದೆ. ಇನ್ನೇನು ಸೇರುವ ಜಾಗ ಒಂದು ಉಳಿದಿದೆ, ಅದು ಆದರೆ ಮುಗಿಯಿತು ಎಂದು ಆಮೇಲೊಂದು ದಿನ ಊಟ ಮಾಡುವಾಗ ಹೇಳಿದರು.

ಅವರು ಹೋದದ್ದು ಒಂದು ಬೆಳಿಗ್ಗೆ. ಸ್ವಲ್ಪ ಹೊತ್ತು ಬರೆದು, ಟವೆಲ್ ಹೊದಿಸಿ, ಕಟ್ಟೆಯ ಮೇಲೆ ಬಂದು ಕೂತರು. ಎದೆ ಹಿಡಿದಂತಾಗಿದೆ ಎಂದರು. ಎದುರು ಮನೆಯವನು ಆಟೋ ತಂದ. ಆಸ್ಪತ್ರೆ ಸೇರುವ ಮೊದಲೇ ಮುಗಿದಿತ್ತು. ಅದೇ ಆಟೋದಲ್ಲಿ ಅವರ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ವಾಪಸ್ಸು ಬಂದೆ.

ಮಗಳನ್ನು ಕೊಟ್ಟಿರುವುದು ದೂರ. ಅವಳು ಬರುವುದು ಸಂಜೆಯಾಗುತ್ತಿತ್ತು. ಬಿಸಿಲು ಎಂಥದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಸಂಜೆಯವರೆಗೆ ಹಾಗೆಯೇ ಇಡಲು ಆಗುವುದಿಲ್ಲವೆಂದು ಹಿರಿಯರು ಮಾತಾಡಿಕೊಂಡು ಹೆಣ ಇಡುವ ಫ್ರೀಜರ್ ಡಬ್ಬಿ ತರಿಸಿದರು. ನಮ್ಮ ಪಡಸಾಲೆಯಲ್ಲಿ ಗಟ್ಟಿಯಾದ ಪ್ಲಗ್ ಒಂದೇ. ಅದರಲ್ಲಿ ಲ್ಯಾಪ್‌ಟಾಪಿನ ಚಾರ್ಜರ್ ಇತ್ತು.

ನಾನು ಗೋಡೆಗೆ ಒರಗಿ ಕೂತಿದ್ದೆ. ನಮ್ಮದು ಆಂಧ್ರದ ಗಡಿ, ನಮ್ಮ ಬೀದಿಯಲ್ಲಿ ಲೆಕ್ಕಾಚಾರವೆಲ್ಲ ಕನ್ನಡದಲ್ಲಿ, ಅಳುವುದು ಮಾತ್ರ ತೆಲುಗಿನಲ್ಲಿ. ಸುತ್ತಲೂ ಹೆಂಗಸರು ಅಳುತ್ತಿದ್ದರು. ಯಾರೋ ಚಾರ್ಜರ್ ಕಿತ್ತದ್ದು, ಲ್ಯಾಪ್‌ಟಾಪ್ ಮುಚ್ಚಿ ಬೀರುವಿನ ಮೇಲೆ ಇಟ್ಟದ್ದು ನನ್ನ ಕಣ್ಣಿಗೆ ಕಂಡಿತು. ಕಂಡದ್ದು ತಲೆಗೆ ಹೋಗಲಿಲ್ಲ. ಡಬ್ಬಿ ಗುಂಯ್ ಎಂದು ಶುರುವಾಯಿತು. ಗಾಜಿನ ಒಳಗೆ ಅವರ ಮುಖದ ಮೇಲೆ ತೆಳ್ಳಗೆ ಮಂಜು ಕೂತಿತು. ಮಗಳು ಬಂದಳು, ಹೊತ್ತು ಮುಳುಗುವ ಮೊದಲು ಮಣ್ಣು ಮಾಡಿ ಬಂದರು. ಡಬ್ಬಿ ಇದ್ದ ಜಾಗದಲ್ಲಿ ದೀಪ ಇಟ್ಟರು.

ತಿಥಿಯೆಲ್ಲ ಆಗಿ ನೆಂಟರು ಹೋದ ಮೇಲೆ ಮನೆ ಗುಡಿಸುವಾಗ ಬೀರುವಿನ ಮೇಲಿನ ಕೆಂಪು ಎಳೆ ಕಾಣಿಸಿತು. ಇಳಿಸಿ, ಅದೇ ಪ್ಲಗ್ಗಿಗೆ ಚಾರ್ಜರ್ ಹಾಕಿ, ಗುಂಡಿ ಒತ್ತಿದೆ. ಆ ಗುಂಡಿ ಒತ್ತುವಾಗಲೇ ನನಗೆ ಗೊತ್ತಾಯಿತು, ಗುಂಡಿ ಒತ್ತುವ ಅವಶ್ಯಕತೆಯೇ ಇರಬಾರದಿತ್ತು. ಅದು ಎದ್ದಿರಬೇಕಿತ್ತು. ನೀಲಿ ಪರದೆ ಬಂತು. ರುದ್ರಾಕ್ಷಿ ಇತ್ತು. ಅದಕ್ಕೂ ಹಿಂದಿನ ನವಿಲು, ಗೋಪುರ ಎಲ್ಲ ಇದ್ದವು. ಶೇಂಗಾ ಎಲೆ ಇರಲಿಲ್ಲ.

ಎದುರು ಮನೆಯವನು ಅಷ್ಟು ದಿನ ನಮ್ಮ ಬಾಗಿಲಿಗೆ ಬಂದಿರಲಿಲ್ಲ. ದುಃಖಕ್ಕೆ ಬರುತ್ತಿಲ್ಲ ಎಂದುಕೊಂಡಿದ್ದೆ. ಅವತ್ತು ಲ್ಯಾಪ್‌ಟಾಪ್ ನನ್ನ ಮುಂದಿರುವುದನ್ನು ಬೀದಿಯಿಂದ ನೋಡಿ ಬಂದು ಹೊಸ್ತಿಲ ಹೊರಗೇ ನಿಂತ.

"ಚಾರ್ಜರ್ ಕಿತ್ತಿದ್ದು ನಾನೇ ಅಕ್ಕ. ಒಂದ್ ಗಳಿಗೆ ನಿಲ್ತೈತೆ ಅನ್ಕಂಡೆ. ಡಬ್ಬಿ ಹಚ್ಚಿ, ಆಮ್ಯಾಕೆ ನಮ್ಮನೆಗೆ ತಗಂಡೋಗಿ ಹಾಕಣ ಅಂತಿದ್ದೆ. ಅಷ್ಟ್ರಾಗೆ ಚಟ್ಟಕ್ಕೆ ಬಿದಿರು ತರಾಕೆ ಕರುದ್ರು."

"ನೀನೇನ್ ಮಾಡ್ತೀಯಪ್ಪಾ," ಎಂದೆ. "ಹೆಣ ಕೆಡ್ತಿತ್ತು."

ಅವನು ಅಲ್ಲಿಯೇ ಕುಕ್ಕರಿಸಿ ಕೂತು ಅತ್ತ. ಯಾವತ್ತೂ ಆ ಲ್ಯಾಪ್‌ಟಾಪಿಗೆ ಕರೆಂಟು ಕೊಟ್ಟವನು ಅವನೇ. ಒಳಗೆ ಬಾ ಎಂದು ಕರೆದೆ. ಬರಲಿಲ್ಲ.

ಚಳ್ಳಕೆರೆಗೆ ನಾನೊಬ್ಬಳೇ ಹೋದೆ. ನಮ್ಮ ತಾಲ್ಲೂಕಿನ ಹಾನಗಲ್ಲಿನಲ್ಲಿ ಬಸ್ಸು ಬದಲಾಯಿಸಿ, ತಳಕು ದಾಟಿ, ಲ್ಯಾಪ್‌ಟಾಪಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು. ಕಿಟಕಿಯಾಚೆ ಹೊಲಗಳು ಉತ್ತು ಮಳೆಗೆ ಕಾದಿದ್ದವು. ಬಸ್ಸಿನಲ್ಲಿ ಪಕ್ಕದ ಹೆಂಗಸು ಚೀಲದಲ್ಲಿ ಏನು ಎಂದು ಕೇಳಿದಳು. ಸೀರೆ ಎಂದೆ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ತೋರಿಸಿ ಎಂದಳು. ಅರ್ಧ ಆಗಿದೆ, ತೋರಿಸುವುದಿಲ್ಲ ಎಂದೆ.

ನನಗೆ ಒಂದು ಆಸೆ ಇತ್ತು. ಅಳಿಸಿಹೋದ ಫೋಟೋಗಳನ್ನು ಆ ಅಂಗಡಿಯವನು ಎಷ್ಟೋ ಜನಕ್ಕೆ ಹುಡುಕಿ ಕೊಟ್ಟಿದ್ದಾನೆಂದು ಇವರೇ ಹೇಳಿದ್ದರು. ಇದನ್ನೂ ಹುಡುಕಿ ಕೊಟ್ಟಾನು. ಪೂರ್ತಿ ಸಿಗದಿದ್ದರೆ ಬೇಡ, ಅಲ್ಲಲ್ಲಿ ಹರಿದ ಹಾಗೆ ಸಿಕ್ಕರೂ ಸಾಕು, ನಡುವಿನದನ್ನು ನಾನು ತುಂಬಿಕೊಳ್ಳುತ್ತೇನೆ ಎಂದು ದಾರಿಯುದ್ದಕ್ಕೂ ಅಂದುಕೊಂಡೆ.

ನನ್ನನ್ನು ನೋಡಿ ಅವನು, ಅಣ್ಣಾರು ಬರಲಿಲ್ಲವೇ ಎಂದು ನಗುತ್ತಾ ಕೇಳಿದ. ನಾನು ಹೇಳಿದೆ. ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, ಸ್ಟೂಲು ಸರಿಸಿ ಕೂರಿಸಿದ. ನೀರು ಕೊಟ್ಟ. ಆಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಬಹಳ ಹೊತ್ತು ನೋಡಿದ. ಪೆನ್‌ಡ್ರೈವನ್ನು ತನ್ನ ದೊಡ್ಡ ಕಂಪ್ಯೂಟರಿಗೆ ಹಾಕಿ ಅದರಲ್ಲೂ ನೋಡಿದ. ಪೆನ್‌ಡ್ರೈವ್ ತೆಗೆಯುವಾಗ ಎಳೆ ಹರಿಯದಂತೆ ಮೆಲ್ಲಗೆ ಗಂಟು ಬಿಚ್ಚಿದ್ದ. ಅದನ್ನು ಕಂಡು ಸಿಗುತ್ತದೆ ಎಂದು ನನಗೆ ಯಾಕೋ ಅನ್ನಿಸಿತು.

"ಇಲ್ಲ ಅಕ್ಕ," ಎಂದ.

"ಹುಡುಕಿದ್ರೂ ಸಿಗಲ್ವಾ?"

"ಅಳಿಸಿ ಹೋಗಿದ್ರೆ ಹುಡುಕ್ತಿದ್ದೆ. ಇದನ್ನ ಎಲ್ಲೂ ಬರ್ಕೊಂಡೇ ಇಲ್ಲ. ಕರೆಂಟ್ ಇರೋವರ್ಗೂ ಇತ್ತು, ಅಷ್ಟೇ."

ಅವನಿಗೆ ಸುಮ್ಮನಿರಲು ಆಗಲಿಲ್ಲವೆಂದು ಕಾಣುತ್ತದೆ. ಹೊಸ ಬ್ಯಾಟರಿ ಹಾಕುತ್ತೇನೆ ಎಂದ. ಎಷ್ಟು ಸಲ ಹೇಳಿದ್ದೆ ಅಣ್ಣಾರಿಗೆ ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದ. ಕೊನೆಗೆ ಕೇಳಿದ.

"ಇನ್ ಮ್ಯಾಲೆ ತಾನೇ ಉಳಿಸ್ಕಳ್ಳಂಗೆ ಮಾಡ್ಕೊಡ್ಲಾ ಅಕ್ಕ?"

"ಏನನ್ನ ಉಳ್ಸಾಕೆ?" ಎಂದೆ.

ಬಿರುಸಾಗಿ ಹೇಳಬೇಕೆಂದಿರಲಿಲ್ಲ. ಅವನು ತಲೆ ತಗ್ಗಿಸಿ ಪೆನ್‌ಡ್ರೈವನ್ನು ಮತ್ತೆ ಕೀಲಿಗೆ ಕಟ್ಟಿಕೊಟ್ಟ. ಗಂಟು ಅವರು ಹಾಕಿದಂತೆ ಇರಲಿಲ್ಲ. ನೇಕಾರರ ಗಂಟು ಬೇರೆ.

ಮನೆಗೆ ಬಂದ ಮೇಲೆ ಕೆಲವು ದಿನ ಅದನ್ನು ಮುಟ್ಟಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಮಗ್ಗದಿಂದ ಎದ್ದು ಅವರ ಜಾಗದಲ್ಲಿ ಕೂತೆ. ಚೌಕಕ್ಕೆ ಬಣ್ಣ ತುಂಬುವುದನ್ನು ಅವರೇ ಯಾವಾಗಲೋ ತೋರಿಸಿಕೊಟ್ಟಿದ್ದರು. ನಾಲ್ಕು ಎಲೆ ಬರೆದೆ. ಎರಡು ಮೇಲೆ, ಎರಡು ಕೆಳಗೆ. ಅದು ಕಷ್ಟವಾಗಲಿಲ್ಲ, ಕಣ್ಣಿನಲ್ಲಿತ್ತು. ದಂಟನ್ನೂ ಬರೆದೆ. ಆದರೆ ಆ ದಂಟು ಎಲ್ಲಿಗೆ ಹೋಗುತ್ತಿತ್ತು? ಮುಂದಿನ ಎಲೆಗೆ ಬಳ್ಳಿಯಂತೆ ಬಾಗುತ್ತಿತ್ತೋ, ನೇರವಾಗಿ ನಿಲ್ಲುತ್ತಿತ್ತೋ? ನಡುವೆ ಹಳದಿ ಹೂವಿತ್ತೋ? ಹೂವಿನಿಂದ ಮಣ್ಣಿಗಿಳಿಯುವ ಬೇರಿನಂಥ ಎಳೆಯನ್ನು ಅವರು ಬರೆದಿದ್ದರೋ, ಮಣ್ಣಿನ ಒಳಗಿನ ಕಾಯಿಯನ್ನೂ ಬರೆದಿದ್ದರೋ? ಜರಿ ಎಲ್ಲಿ, ರೇಷ್ಮೆ ಎಲ್ಲಿ? ನನಗೆ ಒಂದೂ ಗೊತ್ತಿರಲಿಲ್ಲ. ಊಟಕ್ಕೆ ಕೂತಾಗ ಕೇಳಿದ್ದರೆ ಹೇಳುತ್ತಿದ್ದರೇನೋ. ಅರ್ಧ ಸೀರೆಯನ್ನು ಕೇಳಬಾರದೆಂದು ನಾನೂ ಅದೇ ಮನೆಯಲ್ಲಿ ಕಲಿತಿದ್ದೆ.

ಆದರೂ ಬರೆದೆ. ಹಲವು ಮಧ್ಯಾಹ್ನ ಬರೆದೆ. ದಂಟನ್ನು ಬಾಗಿಸಿ ನೋಡಿದೆ, ಹೂವಿಟ್ಟು ನೋಡಿದೆ. ನಡುವೆ ಕರೆಂಟು ಹೋದಾಗ ಲ್ಯಾಪ್‌ಟಾಪ್ ಎತ್ತಿಕೊಂಡು ಬಾಗಿಲವರೆಗೆ ಹೋದೆ. ಎದುರು ಮನೆಯವನು ಕಟ್ಟೆಯ ಮೇಲಿದ್ದ. ನನ್ನನ್ನು ನೋಡಿ ಎದ್ದು ನಿಂತ. ಏನೂ ಕೂಗಲಿಲ್ಲ. ಬಂದು ನನ್ನ ಕೈಯಿಂದ ಅದನ್ನು ಇಸಿದುಕೊಂಡು ಒಳಗೆ ಹೋಗಿ ಪ್ಲಗ್ಗಿಗೆ ಹಾಕಿದ. ಕರೆಂಟು ಬರುವವರೆಗೂ ಅದರ ಪಕ್ಕದಲ್ಲೇ ಕೂತಿದ್ದ, ಪರದೆಯನ್ನು ನೋಡಲಿಲ್ಲ.

ಕೊನೆಗೆ ಸೇರುವ ಜಾಗ ಬಂತು. ಕೊನೆಯ ಸಾಲಿನ ಎಲೆ ಮೊದಲ ಸಾಲಿನ ದಂಟಿಗೆ ಬಂದು ಕೂಡಬೇಕು. ಎಲ್ಲಿಂದ ತಂದರೂ ಒಂದು ಎಳೆ ಹೆಚ್ಚಾಗುತ್ತಿತ್ತು, ಇಲ್ಲ ಒಂದು ಕಡಿಮೆ ಬೀಳುತ್ತಿತ್ತು. ಹಿಂದಕ್ಕೆ ಹೋಗಿ ಎಲೆಯನ್ನು ಕಿರಿದು ಮಾಡಿದರೆ ಅದು ಶೇಂಗಾ ಎಲೆಯಾಗಿ ಉಳಿಯುತ್ತಿರಲಿಲ್ಲ. ಹಿಗ್ಗಿಸಿದರೆ ಅಂಚು ಕುಂಟುತ್ತಿತ್ತು. ಹಾಗೆಯೇ ಬಿಟ್ಟು ನೇಯ್ದರೆ ಸೀರೆಯ ಉದ್ದಕ್ಕೂ ಗೇಣು ಗೇಣಿಗೆ ಆ ಬಿರುಕು ಕಾಣುತ್ತದೆ. ಉಟ್ಟು ನಡೆದರೆ ಕಾಲ ಸುತ್ತ ಬರುತ್ತದೆ. ಅವರು ಅದನ್ನು ಹೇಗೆ ಸೇರಿಸುತ್ತಿದ್ದರೋ ಅವರಿಗೇ ಗೊತ್ತು. ಅಥವಾ ಅವರಿಗೂ ಅವತ್ತು ಬೆಳಿಗ್ಗೆ ಇನ್ನೂ ಗೊತ್ತಾಗಿರಲಿಲ್ಲವೇನೋ.

ಪರದೆಯ ಮೇಲಿದ್ದದ್ದು ನನ್ನ ಕೈಯ ಎಲೆ. ಅವರದಲ್ಲ. ಅದನ್ನು ಇನ್ನೂ ನಾಲ್ಕು ದಿನ ನೋಡಿದ್ದರೆ ನಾನು ಕಂಡಿದ್ದ ಆ ಒಂದು ಮೂಲೆಯೂ ನನ್ನ ಕಣ್ಣಿನಿಂದ ಹೋಗಿ ಇದೇ ಅದು ಎಂದು ಕೂತುಬಿಡುತ್ತಿತ್ತು. ಆರಿಸುವ ಗುಂಡಿ ಒತ್ತಿದೆ. ಉಳಿಸಲೇ, ಬೇಡವೇ ಎಂದು ಅದು ಕೇಳಿತು. ಬೇಡ ಎಂದು ಒತ್ತಿದೆ. ಪರದೆ ಕಪ್ಪಾಯಿತು. ಮೇಲೆ ಟವೆಲ್ ಹೊದಿಸಿ ಬೀರುವಿನ ಮೇಲೆ ಇಟ್ಟೆ.

ಮಗ್ಗದ ಮೇಲೆ ಈಗ ಸಾಹುಕಾರರ ಸೀರೆ ಇದೆ, ರುದ್ರಾಕ್ಷಿ ಅಂಚಿನದು. ಮೆಟ್ಟಿದ ಹಾಗೆ ಕಾರ್ಡುಗಳು ಒಂದೊಂದಾಗಿ ಸರಿದು ಬರುತ್ತವೆ. ಕೊನೆಯ ಕಾರ್ಡು ಆದ ಮೇಲೆ ತಿರುಗಿ ಮೊದಲನೆಯದು ಬರುತ್ತದೆ. ಪ್ರತಿ ಸಲವೂ ನಾನು ಲಾಳಿ ನಿಲ್ಲಿಸಿ, ಬಗ್ಗಿ, ಸೇರುವ ಜಾಗವನ್ನು ಹುಡುಕುತ್ತೇನೆ. ಕಾಣುವುದಿಲ್ಲ.